ಪ್ರಮೀಳಾ ಬಾಕಳೆಯವರ ಆರನೆಯ ಸರಪಳಿ

ಬೆಟಗೇರಿ,
ಫೆಬ್ರವರಿ ೩೦, ೨೩೧೪

ಮಾನ್ಯ ಪ್ರಮೀಳಾ ಬಾಕಳೆಯವರಿಗೆ,

ಮೇಲಿನ ತಾರೀಖು ತಪ್ಪಲ್ಲ. ನಿಮ್ಮ ಕಾಲದವರು ಫೆಬ್ರವರಿಗೆ ಇಪ್ಪತ್ತೆಂಟೇ ದಿನ ಕೊಟ್ಟು ಕೈತೊಳೆದುಕೊಂಡಿದ್ದರು. ನಮ್ಮ ಮುತ್ತಜ್ಜಂದಿರು ಜುಲೈ ಆಗಸ್ಟ್‌ಗಳಿಂದ ಒಂದೊಂದು ದಿನ ಕಿತ್ತು ಇದಕ್ಕೆ ಸೇರಿಸಿದರು. ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಒಂದೆರಡು ಮಾತು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಅದಕ್ಕೂ ಮೀರಿ ನನ್ನ ಕನ್ನಡ ಸೊಟ್ಟಗಿದೆಯೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ಒಬ್ಬರಿಂದಲೇ, ಅವರು ನೀವು.

ನನ್ನ ಹೆಸರು ನೀಲಾಂಬಿಕೆ ಕಳಸಾಪುರ. ಕಪ್ಪತಗುಡ್ಡದ ಮೇಲಿರುವ ಗಾಳಿಗಂಬಗಳ ರೆಕ್ಕೆ ರಿಪೇರಿ ಮಾಡುವುದು ನನ್ನ ಉದ್ಯೋಗ. ಆದರೆ ಯಾರಾದರೂ ನೀನು ಯಾರೆಂದು ಕೇಳಿದರೆ ನಾನು ಮೊದಲು ಹೇಳುವುದು ಆ ಉದ್ಯೋಗವನ್ನಲ್ಲ. ನಾನು ದುರ್ಗಿಗರವಳು. ಅಂದರೆ ‘ತೇಲುದುರ್ಗ’ದ ಅಭಿಮಾನಿ. ನಿಮಗೆ ಹುಚ್ಚು ಹಿಡಿಸಿದ ಅದೇ ಆರು ಪುಸ್ತಕ, ಅದೇ ಆರು ಸಿನಿಮಾ. ಆಕಾಶದಲ್ಲಿ ತೇಲುವ ಕೋಟೆ, ಅದನ್ನು ನೆಲದ ಬಂಡೆಗೆ ಬಿಗಿದ ಆರು ಸರಪಳಿ, ಆ ಸರಪಳಿಗಳನ್ನು ಕಾಯುವ ಹುಡುಗಿ ಮಿಣುಕಿ. ಗದಗಿನಲ್ಲಿ ನಾವು ನಾನೂರು ಜನ ದುರ್ಗಿಗರಿದ್ದೇವೆ. ಪ್ರತಿ ಗುರುವಾರ ಸಂಜೆ ಹಳೆಯ ಹತ್ತಿ ಮಾರುಕಟ್ಟೆಯ ಕಟ್ಟೆಯ ಮೇಲೆ ಸೇರಿ ಒಂದು ಅಧ್ಯಾಯ ಓದುತ್ತೇವೆ, ಮಿಣುಕಿಯ ಹಾಗೆ ಎಡಗೈಗೆ ಮಾತ್ರ ನೀಲಿ ಕೈಗವಸು ತೊಡುತ್ತೇವೆ, ಜೋಳದ ರೊಟ್ಟಿ, ಕೆಂಪು ಚಟ್ನಿ ಹಂಚಿಕೊಳ್ಳುತ್ತೇವೆ, ಆಮೇಲೆ ಜಗಳವಾಡುತ್ತೇವೆ.

ಜಗಳಕ್ಕೆ ಕಾರಣವಿದೆ. ಒಂದೊಂದು ಭಾಗದಲ್ಲಿ ಒಂದೊಂದು ಸರಪಳಿ ಹರಿಯುತ್ತದೆ. ಐದು ಹರಿದವು. ಆರನೆಯದು ಏನಾಯಿತು? ನಮಗೆ ಗೊತ್ತಿರಲಿಲ್ಲ. ನಿಮ್ಮ ನಂತರ ಎಂಬತ್ತು ವರ್ಷಕ್ಕೆ ‘ಮಬ್ಬುಗಾಲ’ ಬಂತು. ಯಂತ್ರಗಳ ನೆನಪಿನಲ್ಲಿ ಇಟ್ಟಿದ್ದ ಹಾಡು, ಚಿತ್ರ, ಪುಸ್ತಕಗಳೆಲ್ಲ ಹನ್ನೆರಡು ವರ್ಷಗಳಲ್ಲಿ ಒಂದೊಂದಾಗಿ ಆರಿಹೋದ ಕಾಲಕ್ಕೆ ನಾವು ಇಟ್ಟ ಹೆಸರು ಅದು. ಐದು ಭಾಗ ಹೇಗೋ ಕಾಗದದ ಮೇಲೆ ಉಳಿದವು. ಆರನೆಯ ಪುಸ್ತಕವೂ ಹೋಯಿತು, ಸಿನಿಮಾವೂ ಹೋಯಿತು. ಉಳಿದದ್ದು ಸಿನಿಮಾದ ಕೊನೆಯ ಹನ್ನೊಂದು ನಿಮಿಷದ ಸದ್ದು ಮಾತ್ರ, ಚಿತ್ರವಿಲ್ಲ. ಮೊದಲಿಗೆ ಮಿಣುಕಿಯ ದನಿ, “ಇದು ಕೊನೆಯದು.” ಆಮೇಲೆ ಒಂದು ಮಾತೂ ಇಲ್ಲ. ಲೋಹದ ಒಂದು ಸಣ್ಣ ಸದ್ದು, ನರಳಿಕೆ, ಉಸಿರು, ಒಂಬತ್ತು ಕ್ಷಣ ಮೌನ, ಭಾರಿ ನೀರು, ಒಂದು ಗಂಟೆ, ಒಂದು ನಗು. ಇಷ್ಟೇ. ಇದನ್ನು ನಾವು ಕೂಸಿದ್ದಾಗಿನಿಂದ ಜೋಗುಳದ ಹಾಗೆ ಕೇಳಿದವರು. ಸರಪಳಿ ಹರಿಯಿತು, ಕೋಟೆ ಗಾಳಿಗೆ ಸಿಕ್ಕಿ ಉರುಳಿಬಿತ್ತು, ಎಲ್ಲರೂ ಸತ್ತರು ಎನ್ನುವವರು ಹರಿಪಕ್ಷ. ಸರಪಳಿ ತಾಳಿತು, ಕೋಟೆ ಅಲ್ಲೇ ಉಳಿಯಿತು ಎನ್ನುವವರು ಬಿಗಿಪಕ್ಷ. ನನ್ನ ಅವ್ವ ಹರಿಪಕ್ಷ, ಅಪ್ಪ ಬಿಗಿಪಕ್ಷ. ಲಗ್ನದ ದಿನ ಇಬ್ಬರ ಕಡೆಯವರೂ ಪಂಕ್ತಿಯಲ್ಲಿ ಎದುರುಬದುರು ಕೂತು, ಹೋಳಿಗೆ ತಣ್ಣಗಾಗುವವರೆಗೂ ಇದೇ ವಾದ ಮಾಡಿದರಂತೆ.

ಎರಡು ವರ್ಷದ ಹಿಂದೆ ‘ಪೂರಣ ಮಂಡಳಿ’ ನಮ್ಮ ಕಥೆಯನ್ನು ಕೈಗೆತ್ತಿಕೊಂಡಿತು. ಮಬ್ಬುಗಾಲದಲ್ಲಿ ತೂತುಬಿದ್ದ ಕೃತಿಗಳಿಗೆ ‘ತೇಪೆಯಂತ್ರ’ದಿಂದ ಹೊಸ ತುಂಡು ಹೊಲಿಸಿ, ಮುದ್ರೆಯೊತ್ತಿ, ಇದೇ ಪೂರ್ಣಪಾಠವೆಂದು ಸಾರುವುದು ಅವರ ಕೆಲಸ. ಕೆಟ್ಟವರೆಂದು ತಿಳಿಯಬೇಡಿ. ಎಷ್ಟೋ ಔಷಧಗ್ರಂಥಗಳನ್ನು, ಅಡಿಗೆ ಪುಸ್ತಕಗಳನ್ನು ಅವರು ಬದುಕಿಸಿದ್ದಾರೆ. ಯಂತ್ರವು ಆ ಹನ್ನೊಂದು ನಿಮಿಷವನ್ನು ಕೇಳಿ ಅಂತ್ಯ ಹೊಲಿಯಿತು. ಯುದ್ಧ, ಪ್ರವಾಹ, ಸಾವಿನ ಗಂಟೆ. ಕೊನೆಯ ನಗು ಖಳನಾಯಕ ಗಾಳಿದೊರೆಯದಂತೆ. ಮಿಣುಕಿಯ ದನಿಯನ್ನು ಹುಟ್ಟಿನಿಂದ ಕೇಳಿದವರಿಗೆ ಆ ನಗು ಯಾರದೆಂದು ಗೊತ್ತಾಗುವುದಿಲ್ಲವೇ? ನಾವು ಆಕ್ಷೇಪಿಸಿದೆವು. ಅಧ್ಯಕ್ಷರಾದ ವೀರಸಂಗಪ್ಪ ಅಂಗಡಿಯವರು ಶಾಂತವಾಗಿ ಹೇಳಿದರು: “ನಿಮಗ ಬ್ಯಾಸರ ಆಗೈತಿ ಅಂತ ಮುದ್ರಿ ನಿಲ್ಲಂಗಿಲ್ರೀ. ಬ್ಯಾರೆ ಪಾಠ ಇದ್ರ ತಂದ ತೋರಸ್ರಿ. ನಲವತ್ತ ದಿನ ಕೊಡ್ತೇನಿ.” ಮುದ್ರೆ ಬಿದ್ದ ಕೃತಿಯನ್ನು ಬೇರೆ ರೀತಿಯಲ್ಲಿ ಓದುವ ಸಭೆಗೆ ಸಾರ್ವಜನಿಕ ಜಾಗ ಸಿಗುವುದಿಲ್ಲ. ಅಂದರೆ ನಮ್ಮ ಗುರುವಾರಗಳೂ ಮುಗಿದ ಹಾಗೆಯೇ.

ನಾವು ಹುಡುಕದ ಅಟ್ಟವಿಲ್ಲ. ಇಪ್ಪತ್ತಾರನೆಯ ದಿನ ನಾನು ಹಜರತಸಾಬ್ ನದಾಫರ ಜೊತೆ ಬೆಟಗೇರಿಯ ಹಳೆ ನೇಕಾರ ಓಣಿಗೆ ಹೋಗಿದ್ದೆ. ಹಜರತಸಾಬರಿಗೆ ಎಪ್ಪತ್ತೊಂದು ವರ್ಷ. ಹತ್ತಿ ಹಿಂಜಿ ಗಾದಿ ಮಾಡುವವರು, ಬಿಗಿಪಕ್ಷದ ಹಿರಿಯರು, ಹುಟ್ಟುಕುರುಡರು. ನಮ್ಮ ಕಾಲದಲ್ಲಿ ಕುರುಡಿಗೆ ಚಿಕಿತ್ಸೆಯಿದೆ, ಅವರಿಗೆ ಮಾತ್ರ ಅದು ಹತ್ತಲಿಲ್ಲ. ಹೀಗಾಗಿ ನೀವು ಬಲ್ಲ ಚುಕ್ಕಿಲಿಪಿ, ಬೆರಳಿನಿಂದ ಓದುವ ಆ ಉಬ್ಬುಚುಕ್ಕಿಗಳ ಅಕ್ಷರ, ನಮ್ಮ ಜಿಲ್ಲೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೆ. ಅವರ ಅಜ್ಜಿ ಕಲಿಸಿದ್ದಂತೆ. ಓದಲು ಮಾತ್ರ ಮನೆಯಲ್ಲಿ ಒಂದೇ ಒಂದು ಹಾಳೆಯಿತ್ತು, ಯಾವುದೋ ರೈಲಿನ ವೇಳಾಪಟ್ಟಿ. ಅದನ್ನೇ ಅರವತ್ತು ವರ್ಷದಿಂದ ಓದುತ್ತಿದ್ದರು.

ಆ ಓಣಿಯ ಹುಯಿಲಗೋಳ ಗಂಗವ್ವನ ಮನೆಯಲ್ಲೂ ಏನೂ ಸಿಗಲಿಲ್ಲ. ಬಿಸಿಲಿತ್ತು, ನೀರು ಕೇಳಿದೆವು. ಹಿತ್ತಲ ಕೋಳಿಗೂಡಿನ ನೆರಳಿನಲ್ಲಿ ನಿಂತು ಹಜರತಸಾಬರು ತಂಬಿಗೆ ಎತ್ತಿದರು, ಇನ್ನೊಂದು ಕೈಯನ್ನು ಗೂಡಿನ ಗೋಡೆಗೆ ಊರಿದರು. ಗೋಡೆ ಎಂದರೆ ಕಪ್ಪು ನೀಲಿ ಬಣ್ಣದ, ಬಾಗುವ ಹಾಳೆಗಳು, ಒಂದರ ಮೇಲೊಂದು ಪೇರಿಸಿ ಹೊಲಿದವು. ಅವರ ತಂಬಿಗೆ ಅರ್ಧದಲ್ಲೇ ನಿಂತಿತು.

“ನೀಲಾ,” ಅಂದರು. “ಈ ಗ್ವಾಡಿ ಮಾತಾಡಾಕತ್ತೈತಿ.”

“ಏನಂತೈತ್ರಿ?”

ಅವರ ಬೆರಳು ನಿಧಾನಕ್ಕೆ ಸರಿಯಿತು. “‘ಮಿಣುಕಿ ಮೆಟ್ಟಲಾ ಇಳೀತಾಳ’ ಅಂತೈತಿ.”

ತಂಬಿಗೆ ಕೆಳಗೆ ಬಿದ್ದು ಕೋಳಿಗಳೆಲ್ಲ ಚೀರಿದವು. ಅವರು ಅಳುತ್ತಿದ್ದರೋ ನಗುತ್ತಿದ್ದರೋ ಹೇಳಲಾರೆ, ಇನ್ನೊಂದು ಸಾಲಿಗಾಗಿ ಗೋಡೆಯನ್ನು ತಡಕುತ್ತಿದ್ದರು. ಗಂಗವ್ವ ಓಡಿಬಂದು “ನನ್ನ ಗೂಡಿಗೆ ಏನ್ ಮಾಡಾಕತ್ತೀರಿ?” ಎಂದು ಒದರಿದಳು. ವಿಷಯ ಹೇಳಿದರೂ ಅವಳು ಹಾಳೆ ಬಿಚ್ಚಲು ಒಪ್ಪಲಿಲ್ಲ. “ಕತಿ ಬರಲಿ, ರಾಜಾ ಬರಲಿ. ನನ್ನ ಕೋಳಿಗೆ ಥಂಡಿ ಹತ್ತಿದ್ರ ನೀವು ಕಾವಿಗೆ ಕುಂದರ್ತೀರೇನು?” ಅಂದಳು. ಮರುದಿನ ಬೆಳಿಗ್ಗೆ ನಲವತ್ತು ದುರ್ಗಿಗರು ಹಲಗೆ, ಗಾಜು, ಮೊಳೆ ಹೊತ್ತು ಬಂದು ಹೊಸ ಗೂಡು ಕಟ್ಟಿದೆವು. ಜಿಲ್ಲೆಯಲ್ಲಿ ಅಷ್ಟು ಭದ್ರವಾದ ಕೋಳಿಗೂಡು ಇನ್ನೊಂದಿಲ್ಲ. ಹಾಳೆ ಬಿಚ್ಚುವಾಗ ಮಂಡಳಿಯ ಇಬ್ಬರು ಸಾಕ್ಷಿಗೆ ನಿಂತಿದ್ದರು.

ಇನ್ನೂರ ಹದಿನಾಲ್ಕು ಹಾಳೆಗಳಲ್ಲಿ ಇನ್ನೂರ ಒಂದು ಸಿಕ್ಕವು. ತೊಳೆದು ಬಿಸಿಲಿಗೆ ಹಿಡಿದರೆ ಪ್ರತಿಯೊಂದರಲ್ಲೂ ಎಲುಬು: ಮುರಿದ ಮುಂಗೈ, ಪಕ್ಕೆಲುಬಿನ ಪಂಜರ, ಒಂದು ಕೂಸಿನ ಪುಟ್ಟ ಪಾದ. ಮೊದಲನೆಯ ಹಾಳೆಯನ್ನು ಹಜರತಸಾಬರು ಓದಿದಾಗ ಒಗಟು ಬಿಚ್ಚಿಕೊಂಡಿತು. ಅಲ್ಲಿ ನೀವು ತಂಗಿಗೆ ಬರೆದಿದ್ದಿರಿ. ಈ ಮಾತುಗಳು ನಮಗೀಗ ಬಾಯಿಪಾಠ:

“ಕಸ್ತೂರಿ, ಈ ಹಾಳಿ ದವಾಖಾನ್ಯಾಗ ಒಗಿಯೂ ಎಕ್ಸ್‌ರೇ, ತೊಳದೇನಿ, ಹೇಸಬ್ಯಾಡ. ದಪ್ಪ ಅದಾವ, ಚುಕ್ಕಿ ಅಳಿಸೂದಿಲ್ಲ. ನಾಕನೇ ಪುಸ್ತಕದತನಕ ನಾವಿಬ್ರೂ ಒಂದ ಹಾಸಿಗ್ಯಾಗ ಕುಂತು ಓದಿದ್ವಿ, ಆಮ್ಯಾಲೆ ನಿನ್ನ ಕಣ್ಣ ಹೋದುವು. ಥೇಟರಿನ್ಯಾಗ ನಾ ನಿನ್ನ ಕಿವ್ಯಾಗ ಹೇಳೂದ್ರಾಗ ಸೀನ್ ಮುಗದಿರತೈತಿ, ನೀ ಸಿಟ್ಟಾಗ್ತಿ. ಅದಕ್ಕ ಈ ಲಿಪಿ ಕಲತೇನಿ. ಇಪ್ಪತ್ತಮೂರ ಸಲ ನೋಡಿ, ಸಪ್ಪಳಕ್ಕ ಸಪ್ಪಳ ಕೂಡಿಸಿ ಬರದೇನಿ. ನೀ ತೊಡಿ ಮ್ಯಾಲೆ ಇಟಗೊಂಡು ಓದು. ಎಲ್ಲಾರ ಜೋಡಿನ ನಿನಗೂ ಕಾಣತೈತಿ. ಮಂದಿ ನನಗ ಹುಚ್ಚಿ ಅಂತಾರ. ಅನ್ನಲಿ.”

ಹೆಸರು, ಊರು, ಎಕ್ಸ್‌ರೇ ತೆಗೆಯುವ ನಿಮ್ಮ ಕೆಲಸ, ಎಲ್ಲವೂ ಆ ಹಾಳೆಯ ಅಡಿಯಲ್ಲಿದ್ದವು. ಹಜರತಸಾಬರು ಓದಿ ಮುಗಿಸಿ ಮತ್ತೆ ಮೊದಲ ಸಾಲಿಗೆ ಬೆರಳು ತಂದರು. ಅರವತ್ತು ವರ್ಷ ರೈಲಿನ ವೇಳೆ ಮಾತ್ರ ಓದಿದ ಬೆರಳುಗಳವು.

ಮುಂದಿನ ಹತ್ತು ದಿನ ನಾವಿಬ್ಬರೂ ಅವರ ಗಾದಿ ಅಂಗಡಿಯಲ್ಲೇ ಇದ್ದೆವು. ಅವರು ಓದುವರು, ನಾನು ಬರೆಯುವೆ. ನಿಮ್ಮ ಚುಕ್ಕಿಗಳ ನಡುವೆ ತಲೆಮಾರುಗಳ ಕೋಳಿಗಳು ಕುಕ್ಕಿ ತಮ್ಮ ಚುಕ್ಕಿಗಳನ್ನೂ ಸೇರಿಸಿದ್ದವು. ಒಂದು ಕಡೆ ಗಾಳಿದೊರೆ “ಒಲೆ ಎತ್ತುತ್ತಾನೆ” ಎಂದು ಬಂತು, ಅರ್ಧ ದಿನ ಅದರ ಅರ್ಥಕ್ಕೆ ತಲೆ ಕೆಡಿಸಿಕೊಂಡೆವು. ಕೊನೆಗೆ ಹಜರತಸಾಬರು, “ಇದು ಪ್ರಮೀಳವ್ವ ಬರದದ್ದಲ್ಲ, ಹುಂಜ ತಿದ್ದಿದ್ದು. ಆಕಿ ಚುಕ್ಕಿ ಗುಂಡಗ ಏಳತೈತಿ, ಇದು ಹರದೈತಿ,” ಎಂದು ಪತ್ತೆಹಚ್ಚಿದರು. ಅದು “ಬಲೆ ಎತ್ತುತ್ತಾನೆ” ಆಗಿತ್ತು. ದಿನಕ್ಕೆ ಇಪ್ಪತ್ತು ಹಾಳೆಯಾಗುವಷ್ಟರಲ್ಲಿ ಅವರ ಬೆರಳು ಮರಗಟ್ಟುತ್ತಿದ್ದವು. ಹೆಂಡತಿ ಫಾತಿಮಾಬಿ ಔಡಲೆಣ್ಣೆ ಹಚ್ಚಿ ತಿಕ್ಕುತ್ತ ಬೈಯುವರು: “ಇಷ್ಟ ಪ್ರೀತಿಲೆ ಎಂದರ ನನ್ನ ಕೈ ಹಿಡದಿದ್ದೇನು?” ಅವರು ನಾಚಿ ನಗುವರು. ನಾನೂ ಲಿಪಿ ಕಲಿಯತೊಡಗಿದೆ. ನನ್ನ ಒರಟು ಬೆರಳಿಗೆ ಮೊದಲು ದಕ್ಕಿದ ಪದ “ಕಸ್ತೂರಿ”. ಯಾಕೆಂದರೆ ಪುಟಕ್ಕೆರಡು ಸಲ ನೀವು ಅವಳನ್ನು ಕರೆಯುತ್ತೀರಿ. “ಕಸ್ತೂರಿ, ಈಗ ಆಕಿ ಸೀರಿ ಹಸರ, ನಮ್ಮವ್ವನ ದೀಪಾವಳಿ ಸೀರಿಯಂಥಾ ಹಸರ.” ಯಾವ ಯಂತ್ರಕ್ಕೆ ಹೊಳೆದೀತು ಅಂಥ ಹಸಿರು?

ಮೂವತ್ತಾರನೆಯ ದಿನ ಒಟ್ಟು ನೂರ ಎಂಬತ್ತೊಂಬತ್ತು ಹಾಳೆಗಳ ಪಾಠವನ್ನು ಮಂಡಳಿಗೆ ಒಪ್ಪಿಸಿದೆವು. ಮೂಲೆಯ ಸಂಖ್ಯೆಯ ಪ್ರಕಾರ ಕೊನೆಯ ಹನ್ನೆರಡು ಇನ್ನೂ ಉಳಿದಿದ್ದವು, ಒಂದೂ ಕಳೆದಿರಲಿಲ್ಲ. ಅಧ್ಯಕ್ಷರು ಎಲ್ಲವನ್ನೂ ಓದಿ ನಮ್ಮನ್ನು ಕರೆಸಿದರು.

“ಛಲೋ ಐತಿ,” ಅಂದರು. “ಆದ್ರ ಇದು ಖರೇನ ಸಿನಿಮಾ ನೋಡಿ ಬರದದ್ದು ಅನ್ನಾಕ ಏನ್ ಆಧಾರ? ಅಕ್ಕ ತಂಗಿಗೆ ಖುಷಿ ಆಗ್ಲೆಂತ ಮನಸಿಗೆ ಬಂದಂಗ ಕಟ್ಟಿದ ಕತಿ ಇರಬಹುದಲ್ಲ?”

ನ್ಯಾಯವಾದ ಪ್ರಶ್ನೆ. ನಾವೂ ಎಷ್ಟು ಅಂತ್ಯಗಳನ್ನು ಮನಸ್ಸಿಗೆ ಬಂದಂತೆ ಕಟ್ಟಿಲ್ಲ!

ಹಜರತಸಾಬರು ಎದ್ದು ನಿಂತರು. “ಕೊನೀ ಹನ್ನೆರಡ ಹಾಳಿ ನಾವು ಮುಟ್ಟಿಲ್ರೀ. ನೀವ ಕೀಲಿ ಹಾಕಿ ಇಟಗೋರಿ. ಮಂದಿ ಮುಂದ ಆ ಹನ್ನೊಂದ ನಿಮಿಷದ ಸಪ್ಪಳ ಹಚ್ಚರಿ. ನಾ ಅದರ ಜೋಡಿ ಮೊದಲನೇ ಸಲ ಓದ್ತೇನಿ. ಆಕಿ ಸಪ್ಪಳಕ್ಕ ಸಪ್ಪಳ ಕೂಡಸೇನಿ ಅಂತ ಬರದಾಳ. ಕೂಡಿದ್ರ ಕೂಡತೈತಿ. ಕೂಡಲಿಲ್ಲ ಅಂದ್ರ ನಿಮ್ಮ ಮುದ್ರಿ ಹೊಡೀರಿ, ನಾವು ಇನ್ನ ಮಾತಾಡಂಗಿಲ್ಲ.”

ಹೊರಗೆ ಬಂದಮೇಲೆ ನಾನು ಅವರ ಮೇಲೆ ರೇಗಿದೆ. ಒಳಗೆ ಏನಿದೆಯೆಂದು ಗೊತ್ತಿಲ್ಲದೆ ಇಷ್ಟು ದೊಡ್ಡ ಪಣ ಕಟ್ಟಬಹುದೇ? ಒಂದು ಹುಂಜ ಸಾಕಲ್ಲ ಎಲ್ಲ ಕೆಡಿಸಲು! ಅವರು ಹೇಳಿದ್ದು ಇಷ್ಟೇ: “ಇನ್ನೂರ ಹಾಳಿ ಆಕಿ ಕೈ ಹಿಡಕೊಂಡು ನಡದೇನಿ ನೀಲಾ. ಆಕಿ ಸುಳ್ಳ ಹೇಳೂ ಹೆಣಮಗಳಲ್ಲ.”

ನಲವತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹತ್ತಿ ಮಾರುಕಟ್ಟೆಯ ಅಂಗಳದಲ್ಲಿ ಮೂರು ಸಾವಿರ ಜನ. ಹರಿಪಕ್ಷ ಎಡಕ್ಕೆ, ಬಿಗಿಪಕ್ಷ ಬಲಕ್ಕೆ. ಅವ್ವ ಒಂದು ತುದಿ, ಅಪ್ಪ ಇನ್ನೊಂದು ತುದಿ. ಗಂಗವ್ವ ಮೊದಲ ಸಾಲಿನಲ್ಲಿ, ತೊಡೆಯ ಮೇಲೊಂದು ಕೋಳಿ. ಹಜರತಸಾಬರು ಬಿಳಿ ಅಂಗಿ ತೊಟ್ಟು, ಎಡಗೈಗೆ ನೀಲಿ ಕೈಗವಸು ಹಾಕಿ ಮೇಜಿನ ಮುಂದೆ ಕೂತರು. ಅಧ್ಯಕ್ಷರು ಪೆಟ್ಟಿಗೆ ತೆರೆದರು. ನಾನು ಮೊದಲ ಹಾಳೆಯನ್ನು ಹಜರತಸಾಬರ ಬಲಗೈಯ ಕೆಳಗಿಟ್ಟೆ.

“ಇದು ಕೊನೆಯದು,” ಎಂದಳು ಮಿಣುಕಿ, ಮುನ್ನೂರು ವರ್ಷದ ಆಚೆಯಿಂದ.

ಹಜರತಸಾಬರ ಬೆರಳು ಹೊರಟಿತು. “ಕಸ್ತೂರಿ, ಆಕಿ ಸರಪಳಿ ಹಿಡಕೊಂಡು ಕೆಳಗ ಇಳದಾಳ. ಬಂಡಿಗಲ್ಲಿನ ಮುಂದ ಬಗ್ಗ್ಯಾಳ. ಸೊಂಟದಾಗಿಂದ ಕೀಲಿಕೈ ತಗೀತಾಳ. ಕೈ ನಡಗತೈತಿ, ಕೀಲಿಕೈ ಕಲ್ಲಿನ ಮ್ಯಾಲೆ ಬೀಳತೈತಿ.”

ಟಿಣ್.

ನಾವು ಕತ್ತಿಯ ಸದ್ದೆಂದು ತಲೆಮಾರುಗಳಿಂದ ನಂಬಿದ್ದ ಸದ್ದು ಅದು! ಅಂಗಳದಲ್ಲಿ ಒಂದು ಅಲೆ ಎದ್ದು ಹೋಯಿತು. ಅವರು ನಿಲ್ಲಲಿಲ್ಲ. ಎರಡನೆಯ ಹಾಳೆ, ಮೂರನೆಯದು. ಮಿಣುಕಿ ಸರಪಳಿಯನ್ನು ಹರಿಯಲಿಲ್ಲ, ಬಿಗಿಯಲೂ ಇಲ್ಲ. ಬೀಗ ತೆರೆದಳು. ಕೋಟೆ ಮೇಲಕ್ಕೆ ಚಿಮ್ಮುವ ಮೊದಲು ನೆಲದ ಜನ ಓಡಿಬಂದು ಸರಪಳಿಗೆ ಕೈ ಹಾಕಿದರು. ಇಷ್ಟು ವರ್ಷ ಕೋಟೆಯ ನೆರಳಲ್ಲಿ ಬೆಳೆಯಿಲ್ಲದೆ ಅದನ್ನು ಶಪಿಸಿದ ಅದೇ ಜನ. “ಮುದುಕರು, ಬಸರಿ ಹೆಂಗಸರು, ಕುಂಟರು, ಎಲ್ಲಾರೂ ಜಗ್ಗತಾರ ಕಸ್ತೂರಿ, ಬಾವ್ಯಾಗಿನ ಕೊಡಾ ಜಗ್ಗಿದಂಗ.” ಅದೇ ಆ ನರಳಿಕೆ. ಗಾಯಾಳುಗಳದಲ್ಲ, ಹೊರೆ ಎಳೆಯುವವರದು. ಅದೇ ಆ ಉಸಿರು. ನನ್ನ ಪಕ್ಕದವರ ಕೈಗಳು ತಾವಾಗಿಯೇ ಮುಷ್ಟಿ ಕಟ್ಟಿ ಜಗ್ಗುತ್ತಿದ್ದವು.

ಎಂಟನೆಯ ಹಾಳೆಯಲ್ಲಿ ಅವರ ಬೆರಳು ಒಮ್ಮೆ ತಡವರಿಸಿತು, ಹಿಂದಕ್ಕೆ ಹೋಯಿತು. ಕೋಳಿ ಕುಕ್ಕಿದ ತೂತು. ಸದ್ದು ಮುಂದೆ ಓಡುತ್ತಿತ್ತು. ಅವರು ತೂತನ್ನು ದಾಟಿ ಮುಂದಿನ ಪದಕ್ಕೆ ಹಾರಿದರು, ಸರಿಯಾಗಿ ಆ ಒಂಬತ್ತು ಕ್ಷಣದ ಮೌನ ಶುರುವಾಗುವ ಮೊದಲು ಮುಟ್ಟಿದರು.

“ಇಲ್ಲೆ ಏನೂ ಸಪ್ಪಳ ಇಲ್ಲ ಕಸ್ತೂರಿ. ಎಲ್ಲಾರೂ ಉಸರ ಹಿಡದಾರ. ನಾವೂ ಹಿಡಿಯೂಣು.”

ಮೂರು ಸಾವಿರ ಜನ ಉಸಿರು ಹಿಡಿದೆವು. ಗಂಗವ್ವನ ಕೋಳಿ ಕೂಡ ಸುಮ್ಮನಿತ್ತು. ಒಂಬತ್ತು ಕ್ಷಣ.

ಆಮೇಲೆ ನೀರು. ಜನ ಜಗ್ಗಿ ತಂದ ಕೋಟೆ ಪಕ್ಕದ ಕೆರೆಯಲ್ಲಿ ಇಳಿಯಿತು, ದೋಣಿಯ ಹಾಗೆ ತೇಲಿತು. ಗಂಟೆ ಸಾವಿನದಲ್ಲ, ಕೋಟೆಯೊಳಗಿನ ಶಾಲೆಯದು, ಅಲುಗಾಟಕ್ಕೆ ತಾನೇ ಬಾರಿಸಿದ್ದು. ಕೊನೆಯ ನಗು ಮಿಣುಕಿಯದೇ. “ಆಕಿ ಮೊದಲನೇ ಸಲ ಮಣ್ಣ ಮುಟ್ಟ್ಯಾಳ, ಕಚಗುಳಿ ಆಗತೈತಿ ಆಕಿಗೆ.” ಹಜರತಸಾಬರು ಇದನ್ನು ಓದಿ ಬೆರಳೆತ್ತಿದರು, ನಗು ಕೇಳಿತು, ಸದ್ದು ಮುಗಿಯಿತು.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ಎಡಗಡೆಯವರು ಬಲಗಡೆಗೆ, ಬಲಗಡೆಯವರು ಎಡಗಡೆಗೆ ಓಡಿ ಒಬ್ಬರನ್ನೊಬ್ಬರು ತಬ್ಬಿದರು. ಎರಡೂ ಪಕ್ಷ ತಪ್ಪೆಂದು ಇಷ್ಟು ಸಂಭ್ರಮದಿಂದ ಒಪ್ಪಿಕೊಂಡ ಜನರನ್ನು ನಾನು ಕಂಡಿಲ್ಲ. ಅಪ್ಪ ಅವ್ವನ ಮುಂದೆ ನಿಂತು, “ಬೀಗ ಅಂತ ನಮಗ್ಯಾಕ ಹೊಳೀಲಿಲ್ಲಲೇ!” ಎಂದು ಹಣೆ ಬಡಿದುಕೊಂಡರು. ವೀರಸಂಗಪ್ಪನವರು ಮುದ್ರೆಯನ್ನು ಕೈಯಲ್ಲಿ ಹಿಡಿದು ಬಂದರು. ಯಂತ್ರದ ಕಡತವನ್ನು ಕಟ್ಟಿ ಬದಿಗಿಟ್ಟು, ಎಕ್ಸ್‌ರೇ ಹಾಳೆಗಳ ಪಾಠದ ಮೇಲೆ ಅದನ್ನೊತ್ತಿದರು. ಅವರ ಕಣ್ಣು ಒದ್ದೆಯಾಗಿತ್ತು. “ಕರ್ತೃ ಕಾಲಂನ್ಯಾಗ ಮೂಲ ಲೇಖಕರ ಹೆಸರ ಐತಿ,” ಅಂದರು. “ಉಳಿಸಿದವರ ಹೆಸರು?” ಜನ ನಿಮ್ಮ ಹೆಸರನ್ನು ಕೂಗಿದ ಸದ್ದಿಗೆ ಮಾರುಕಟ್ಟೆಯ ತಗಡು ನಡುಗಿತು.

ಈಗ ಆ ಪಾಠ ಹನ್ನೆರಡು ಊರಿಗೆ ಹೋಗಿದೆ. ಹಜರತಸಾಬರ ಗಾದಿ ಅಂಗಡಿಯಲ್ಲಿ ಕಣ್ಣಿರುವ ಅರವತ್ತು ಜನ ಕಣ್ಣುಮುಚ್ಚಿ ಚುಕ್ಕಿಲಿಪಿ ಕಲಿಯುತ್ತಿದ್ದಾರೆ. ನಾಳೆ ನಾವಿಬ್ಬರೂ ಗಾಳಿಬಂಡಿಯಲ್ಲಿ, ಅಂದರೆ ಹಾಯಿ ಕಟ್ಟಿ ಹಳಿಯ ಮೇಲೆ ಓಡುವ ಗಾಡಿಯಲ್ಲಿ, ಕಲಬುರಗಿಗೆ ಹೊರಟಿದ್ದೇವೆ. ಅಲ್ಲಿಯ ದುರ್ಗಿಗರು ಅಂತ್ಯವನ್ನು ಯಾರಿಂದಲೂ ಕೇಳುವುದಿಲ್ಲವೆಂದು ಶಪಥ ಮಾಡಿ, ಕಿವಿಗೆ ಹತ್ತಿಯಿಟ್ಟುಕೊಂಡು ಕಾಯುತ್ತಿದ್ದಾರಂತೆ.

ಈ ಕಾಗದ ನಿಮ್ಮನ್ನು ಮುಟ್ಟುವ ದಾರಿ ನನಗೆ ಗೊತ್ತಿಲ್ಲ. ಆದರೂ ಒಂದು ಬೇಡಿಕೆಯಿದೆ. ನಿಮ್ಮ ಇನ್ನೂರ ಹದಿನಾಲ್ಕನೆಯ ಹಾಳೆಯ ಕೊನೆಯ ಸಾಲನ್ನು ಅಂದು ಸಭೆಯಲ್ಲಿ ಓದಲಾಗಲಿಲ್ಲ, ಗದ್ದಲ ಅಷ್ಟಿತ್ತು. ಮಾರನೆಯ ದಿನ ನಾನೇ, ನನ್ನದೇ ಬೆರಳಿನಿಂದ, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. “ಸಿನಿಮಾ ಮುಗೀತು ಕಸ್ತೂರಿ. ದೀಪ ಹತ್ಯಾವು. ಹೇಳು, ಕಂಡಿತೇನು?”

ಅವಳು ನಿಮಗೆ ಏನೆಂದಳೋ ತಿಳಿಯದು. ನಮ್ಮ ಉತ್ತರವನ್ನಾದರೂ ಅವಳಿಗೆ ಓದಿ ಹೇಳಿ. ಕಂಡಿತು, ಪ್ರಮೀಳಕ್ಕ. ಎಲ್ಲರಿಗೂ ಕಂಡಿತು.

ಇತಿ ನಿಮ್ಮ ಅಭಿಮಾನಿ,
ನೀಲಾಂಬಿಕೆ